ನಾನು ಡಾಕ್ಟರನ್ನು ಕಚ್ಚಿದ ದಿನ

ಹೋದ ವರ್ಷ ಗೌರಿ ಹಬ್ಬಕ್ಕೆ ಇನ್ನು ಸ್ವಲ್ಪವೇ ದಿನ ಉಳಿದಿತ್ತು. ಪಾಂಡವಪುರದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಹಬ್ಬ ಹತ್ತಿರ ಬಂತೆಂದರೆ ನಮ್ಮಂಥವರಿಗೆ ಕೂತು ಊಟ ಮಾಡಲೂ ಪುರುಸೊತ್ತಿರುವುದಿಲ್ಲ. ತೋಳು ಕೂಡಿಸದ ರವಿಕೆ, ಕೊಕ್ಕೆ ಹಾಕದ ರವಿಕೆ, ಫಾಲ್ ಹಚ್ಚದ ಸೀರೆ ಎಲ್ಲವೂ ಗೋಡೆ ತುಂಬ ನೇತಾಡುತ್ತಿರುತ್ತವೆ. ಸರಿಯಾಗಿ ಅದೇ ಹೊತ್ತಿಗೆ ನನ್ನ ಬಲಗಡೆಯ ದವಡೆ ಊದಿಕೊಂಡಿತು. ಮೊದಲು ಲವಂಗ ಇಟ್ಟುಕೊಂಡೆ, ಆಮೇಲೆ ಉಪ್ಪುನೀರು ಮುಕ್ಕಳಿಸಿದೆ. ಯಾವುದಕ್ಕೂ ಜಗ್ಗದೆ ಕೆನ್ನೆ ಬನ್ನಿನಂತಾದಾಗ ಬಸ್ ನಿಲ್ದಾಣದ ಹತ್ತಿರದ ಹಲ್ಲಿನ ಕ್ಲಿನಿಕ್ಕಿಗೆ ಹೋದೆ.

ಅಲ್ಲಿದ್ದವರು ಡಾಕ್ಟರ್ ಚೈತ್ರಾ. ಮೂವತ್ತು ದಾಟಿರಲಾರದು. ಶ್ರೀರಂಗಪಟ್ಟಣದಿಂದ ದಿನಾ ಸ್ಕೂಟರಿನಲ್ಲಿ ಬಂದು ಹೋಗುತ್ತಿದ್ದರು. ಬಾಯೊಳಗೆ ದೀಪ ಬಿಟ್ಟು ನೋಡಿ, ಫೋಟೋ ತೆಗೆಸಿ, "ಇದು ಬುದ್ಧಿ ಹಲ್ಲು. ಮೇಲೆ ಬರೋಕೆ ಜಾಗ ಇಲ್ಲದೆ ಅಡ್ಡಡ್ಡ ಮಲಗಿದೆ. ಒಸಡು ಕೊಯ್ದು ತೆಗೀಬೇಕು" ಎಂದರು. ಊತ ಇಳಿಯಲು ಮಾತ್ರೆ ಕೊಟ್ಟು, ವಾರ ಬಿಟ್ಟು ಬರಲು ಹೇಳಿದರು.

ನಮ್ಮ ಯಜಮಾನರು ಗೂಡ್ಸ್ ಗಾಡಿ ಓಡಿಸುತ್ತಾರೆ. ಹಲ್ಲು ಕೀಳಿಸುವ ದಿನ ಬೆಳ್ಳೂರು ಕ್ರಾಸಿಗೆ ಲೋಡು ಹಾಕಿಕೊಂಡು ಹೋಗಿದ್ದರು. ಹಾಗಾಗಿ ನನ್ನ ಜೊತೆ ಬಂದವರು ನಮ್ಮ ಅತ್ತೆ ನಿಂಗಮ್ಮ. ಎರಡು ಹಸು ಕಟ್ಟಿಕೊಂಡು, ಹಾಲು ಕರೆದು, ಡೈರಿಗೆ ಹಾಕಿ, ಉಳಿದ ಹೊತ್ತಿನಲ್ಲಿ ನನ್ನನ್ನು ತಿದ್ದುವುದು ಅವರ ಕೆಲಸ. ಕ್ಲಿನಿಕ್ಕಿನಲ್ಲಿ ಪಕ್ಕ ಕೂತಿದ್ದವರಿಗೆಲ್ಲ ಕೇಳುವ ಹಾಗೆ, "ನಲವತ್ತು ದಾಟುದ್ ಮ್ಯಾಲೆ ಈಗ ಬುದ್ಧಿ ಅಲ್ಲು ಬತ್ತಾ ಅದೆ. ಅದ್ನೂ ಕೀಳಿಸ್ಕೊಂಡ್ ಬುಡ್ತಾವ್ಳಲ್ಲ ಇವ್ಳು!" ಎಂದರು.

ಒಳಗೆ ಕರೆದರು. ಕುರ್ಚಿ ಹಿಂದಕ್ಕೆ ವಾಲಿತು. ಡಾಕ್ಟರು ಕೈ ತೊಳೆದು ಒಂದು ಗ್ಲೌಸ್ ಹಾಕಿಕೊಂಡು, ಅದರ ಮೇಲೆ ಇನ್ನೊಂದು ಗ್ಲೌಸ್ ಎಳೆದುಕೊಂಡರು. ನಾನು ನೋಡುತ್ತಿರುವುದನ್ನು ಕಂಡು, "ಕೊಯ್ಯೋ ಕೆಲಸ ಇದ್ದಾಗ ಎರಡು ಹಾಕ್ತೀನಿ. ನಿಮಗೂ ಒಳ್ಳೇದು, ನನಗೂ ಒಳ್ಳೇದು" ಎಂದು ನಕ್ಕರು. ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಬಲಗಡೆಯ ತುಟಿ, ನಾಲಿಗೆ, ಕೆನ್ನೆ ಎಲ್ಲ ಬೇರೆಯವರದ್ದಾದಂತೆ ಮರಗಟ್ಟಿದವು. ಕೊಯ್ದರು, ಕೊರೆದರು, ಮೀಟಿದರು. ನಾನು ಕಣ್ಣು ಮುಚ್ಚಿಕೊಂಡು, ಯಾರ ರವಿಕೆಗೆ ಯಾವ ಬಣ್ಣದ ಪೈಪಿಂಗ್ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. "ಬಂತು ನೋಡಿ" ಎಂದು ಡಾಕ್ಟರು ಹಲ್ಲನ್ನು ತೋರಿಸಿದರು. ಅಕ್ಕಿಕಾಳಿನಷ್ಟಿರುತ್ತದೆ ಅಂದುಕೊಂಡಿದ್ದೆ, ಹುಣಸೆ ಬೀಜದಷ್ಟು ದೊಡ್ಡದಿತ್ತು.

"ಇನ್ನೇನಿಲ್ಲ, ಎರಡು ಹೊಲಿಗೆ ಹಾಕಿ ಮನೆಗೆ ಕಳಿಸ್ತೀನಿ" ಎಂದರು. ಹೊಲಿಗೆ ಎಂಬ ಮಾತು ಕೇಳಿ ನನಗೆ ತವರಿಗೆ ಬಂದಷ್ಟು ನೆಮ್ಮದಿಯಾಯಿತು. ಅಲ್ಲೇ ಎಡವಟ್ಟಾಗಿದ್ದು.

ಇಪ್ಪತ್ತು ವರ್ಷದಿಂದ ನಾನು ದಾರ ಕತ್ತರಿಸುವುದು ಹಲ್ಲಿನಲ್ಲಿ. ಕತ್ತರಿ ಪಕ್ಕದಲ್ಲೇ ಇದ್ದರೂ ಅಷ್ಟೆ. ಹೊಲಿಗೆ ಮುಗಿದು ದಾರ ತುಟಿಯ ಹತ್ತಿರ ಬಂತೆಂದರೆ ಹಲ್ಲು ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ಡಾಕ್ಟರು ಮೊದಲ ಹೊಲಿಗೆ ಹಾಕಿ ಗಂಟು ಬಿಗಿದರು. ಎರಡನೆಯದಕ್ಕೆ ಸೂಜಿ ತೂರಿಸಿ ದಾರ ಎಳೆದಾಗ ಅದು ನನ್ನ ಮುಂದಿನ ಹಲ್ಲುಗಳ ಮೇಲೆ ಹಾದುಹೋಯಿತು. ಕಣ್ಣು ಮುಚ್ಚಿದ್ದೆ. ರೇಷ್ಮೆ ದಾರ ಎಂದು ಹಲ್ಲಿಗೇ ಗೊತ್ತಾಯಿತು. ಕಟಕ್ಕನೆ ಕಚ್ಚಿಬಿಟ್ಟೆ.

ದಾರವೇನೋ ತುಂಡಾಯಿತು. ಜೊತೆಗೆ ನನ್ನ ಕೆನ್ನೆಯನ್ನು ಪಕ್ಕಕ್ಕೆ ಹಿಡಿದಿದ್ದ ಅವರ ಎಡಗೈ ಬೆರಳು ಹಲ್ಲಿಗೆ ಸಿಕ್ಕಿತು. ಅವರು ಬೆಚ್ಚಿದ ರಭಸಕ್ಕೆ ಬಲಗೈಯಲ್ಲಿದ್ದ ಸೂಜಿ ಅದೇ ಬೆರಳಿಗೆ ಚುಚ್ಚಿತು. "ಅಯ್ಯೋ ಅಮ್ಮಾ!" ಎಂದು ಡಾಕ್ಟರು ಕಿರುಚಿದರು. ಸಹಾಯಕ್ಕೆ ನಿಂತಿದ್ದ ಆಶಾ ಗಾಬರಿಯಲ್ಲಿ ಎಂಜಲು ಎಳೆಯುವ ಪೈಪನ್ನು ಕೈಬಿಟ್ಟಳು. ಅದು ನನ್ನ ಸೆರಗನ್ನು ಹಿಡಿದುಕೊಂಡು ಗೊರಗೊರ ಎಂದು ಎಳೆಯತೊಡಗಿತು.

ಬಾಗಿಲು ತಳ್ಳಿಕೊಂಡು ಅತ್ತೆ ಒಳಗೆ ನುಗ್ಗಿದರು. "ಏನಾಯ್ತವ್ವಾ? ಕಿರುಚ್ದೋರ್ಯಾರು? ನಮ್ಮವಳ ದನಿ ಅಂಗಿಲ್ವಲ್ಲ!"

"ನಿಮ್ಮ ಸೊಸೆ ಡಾಕ್ಟರ ಬೆರಳು ಕಚ್ಚಿದ್ರು ಅಜ್ಜಿ" ಎಂದಳು ಆಶಾ, ಸೆರಗು ಬಿಡಿಸುತ್ತ.

ಅತ್ತೆ ಗಲ್ಲದ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ಸಿವ್ನೆ! ಮದ್ವೆ ಆದಾಗ್ನಿಂದ ನಾನು ಬಾಯ್ಗ್ ಬಂದಂಗೆ ಬೈದಿವ್ನಿ, ನನ್ನೇ ಒಂದ್ ದಿನ ಕಚ್ನಿಲ್ಲ. ಈ ಮಗಿನಂತೋರ್ನ ಯಾಕೆ ಕಚ್ಚುದ್ಲು?"

ನಾನು "ಸಾರಿ ಡಾಕ್ಟರೇ" ಅನ್ನಲು ಹೋದೆ. ಮರಗಟ್ಟಿದ ಬಾಯಿಂದ "ಥಾಯಿ ಥಾಕ್ಥಯೇ" ಎಂದು ಬಂತು. ಯಾರೂ ನಗಲಿಲ್ಲ. ಡಾಕ್ಟರು ಆಗಲೇ ನಲ್ಲಿಯ ಮುಂದೆ ನಿಂತಿದ್ದರು. ಎರಡೂ ಗ್ಲೌಸ್ ಕಳಚಿ, ಬೆರಳನ್ನು ಸೋಪು ಹಾಕಿ ತೊಳೆಯುತ್ತಿದ್ದರು. ಬಹಳ ಹೊತ್ತು ತೊಳೆದರು. ಬೆರಳ ತುದಿಯಲ್ಲಿ ಸಾಸಿವೆಯಷ್ಟು ರಕ್ತ ಮತ್ತೆ ಮತ್ತೆ ಮೂಡುತ್ತಿತ್ತು. ಆಮೇಲೆ ಎಲ್ಲಿ ತೂತಾಗಿದೆ ಎಂದು ನೋಡಲು, ಕಳಚಿಟ್ಟ ಒಳಗಿನ ಗ್ಲೌಸನ್ನು ಬೇರೆ ಗ್ಲೌಸ್ ಹಾಕಿಕೊಂಡ ಕೈಯಲ್ಲಿ ಎತ್ತಿ, ನಲ್ಲಿಗೆ ಹಿಡಿದು ನೀರು ತುಂಬಿ, ಬಾಯಿ ತಿರುಚಿ ಮೇಲೆತ್ತಿದರು. ಬೆರಳುಗಳೆಲ್ಲ ಉಬ್ಬಿ ನಿಂತವು.

"ಥೇಟ್ ಕೆಚ್ಚಲಿದ್ದಂಗೇ ಅದೆ ನೋಡು" ಎಂದು ಅತ್ತೆ ಹತ್ತಿರ ಬಗ್ಗಿದರು. ಡಾಕ್ಟರು ಮೆಲ್ಲಗೆ ಒತ್ತಿದ್ದೇ ತಡ, ತೋರುಬೆರಳಿನಿಂದ ಎಳೆಯಂಥ ನೀರು ಚಿರ್ರನೆ ಚಿಮ್ಮಿ ಅತ್ತೆಯ ಕೊರಳಿಗೆ ಬಡಿಯಿತು. ಅತ್ತೆ ಎಗರಿ ಹಿಂದೆ ಸರಿದು, "ಸೋರ್ತದೆ ಕಣವ್ವ, ಸೋರ್ತದೆ!" ಎಂದು ಕೂಗಿದರು. ಆಶಾ ಸ್ಪಿರಿಟ್ ತಂದು ಅವರ ಕೊರಳು ಒರೆಸಬೇಕಾಯಿತು.

ಡಾಕ್ಟರು ನನ್ನ ಬಾಯಿಗೆ ಹತ್ತಿ ಬಟ್ಟೆಯ ಉಂಡೆ ಇಟ್ಟು, ಒತ್ತಿ ಹಿಡಿಯಲು ಹೇಳಿ, ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. "ಭಾಗ್ಯ ಅವ್ರೇ, ಕೆಲವು ಪ್ರಶ್ನೆ ಕೇಳ್ಬೇಕು. ಎಲ್ಲರಿಗೂ ಕೇಳೋದೇ, ತಪ್ಪು ತಿಳ್ಕೋಬೇಡಿ. ನಿಮಗೆ ಯಾವಾಗಲಾದ್ರೂ ಕಾಮಾಲೆ ಆಗಿತ್ತಾ?"

ನಾನು ಹೌದೆಂದು ತಲೆಯಾಡಿಸಿದೆ. ಕೆ.ಆರ್.ಪೇಟೆ ಹತ್ತಿರದ ನನ್ನ ತವರಲ್ಲಿ, ಹೈಸ್ಕೂಲಿನಲ್ಲಿದ್ದಾಗ ಆಗಿತ್ತು. ಅತ್ತೆ ಕಣ್ಣರಳಿಸಿ, "ಕಾಮಾಲೆನಾ? ಎಣ್ಣು ನೋಡಕ್ ಬಂದಾಗ ನಿಮ್ಮಪ್ಪ ಯೋಳ್ಲೇ ಇಲ್ವಲ್ಲ!" ಎಂದರು.

"ರಕ್ತ ಹಾಕಿಸಿಕೊಂಡಿದ್ದೀರಾ?"

ಮತ್ತೆ ತಲೆಯಾಡಿಸಿದೆ. ಎರಡನೆಯ ಹೆರಿಗೆಯಲ್ಲಿ ಹಾಕಿದ್ದರು. ಡಾಕ್ಟರ ಮುಖ ಸ್ವಲ್ಪ ಬಿಳುಚಿಕೊಂಡಿತು.

"ಗ್ಲೌಸ್ ಇದ್ದದ್ದಕ್ಕೆ ಅರ್ಧ ಬಚಾವಾದೆ. ಸೂಜಿ ಎರಡು ಪದರ ರಬ್ಬರ್ ದಾಟುವಾಗ ಅದರ ಮೇಲಿನ ರಕ್ತ ಎಷ್ಟೋ ಒರೆಸಿ ಹೋಗಿರತ್ತೆ. ಆದ್ರೆ ಪೂರ್ತಿ ಹೋಗಿರತ್ತೆ ಅಂತ ಹೇಳೋಕಾಗಲ್ಲ. ಕಾಮಾಲೆಯಲ್ಲಿ ರಕ್ತದಿಂದ ಅಂಟೋ ಒಂದು ಜಾತಿ ಇದೆ, ಅದಕ್ಕೆ ನಾನು ಲಸಿಕೆ ಹಾಕಿಸ್ಕೊಂಡಿದ್ದೀನಿ. ಎಚ್‌ಐವಿಗೆ ಲಸಿಕೆ ಇಲ್ಲ. ನಿಮ್ಮ ರಕ್ತ ಪರೀಕ್ಷೆ ಮಾಡಿಸಿದ್ರೆ, ನಾನು ಮಾತ್ರೆ ಶುರು ಮಾಡ್ಬೇಕಾ ಬೇಡ್ವಾ ಅಂತ ಗೊತ್ತಾಗತ್ತೆ. ಶುರು ಮಾಡೋದಾದ್ರೆ ಇವತ್ತೇ, ಆದಷ್ಟು ಬೇಗ ಮಾಡ್ಬೇಕು." ಬೆರಳಿಗೆ ಹತ್ತಿ ಒತ್ತಿಕೊಂಡು ಹೇಳಿದರು, "ಆದ್ರೆ ನೀವು ಬೇಡ ಅಂದ್ರೆ ನಾನು ಬಲವಂತ ಮಾಡಲ್ಲ. ನಿಮ್ಮ ರಕ್ತ, ನಿಮ್ಮ ಇಷ್ಟ. ಇನ್ನೊಂದು, ನನ್ನ ರಕ್ತವೂ ನಿಮ್ಮ ಬಾಯಿಗೆ ತಾಗಿರಬಹುದು. ಅದಕ್ಕೆ ನನ್ನದೂ ಪರೀಕ್ಷೆ ಮಾಡಿಸ್ತೀನಿ."

ನಿಜ ಹೇಳಬೇಕೆಂದರೆ ಆ ಹೆಸರು ಕೇಳಿ ನನಗೆ ಮೊದಲು ನೆನಪಾದದ್ದು ನನ್ನ ಅಂಗಡಿ. ಸಣ್ಣ ಊರು. ಆ ಪರೀಕ್ಷೆಯ ಬಾಗಿಲಲ್ಲಿ ಕೂತಿದ್ದೆ ಎಂದು ಒಬ್ಬರು ನೋಡಿದರೂ ಸಾಕು, ಗೋಡೆಯ ಮೇಲಿನ ರವಿಕೆಗಳನ್ನೆಲ್ಲ ಹೊಲಿಯದೆಯೇ ವಾಪಸು ಕೊಂಡೊಯ್ಯುತ್ತಾರೆ. ಬೇಡ ಎಂದು ತಲೆ ಅಲ್ಲಾಡಿಸಲು ಹೊರಟಿದ್ದೆ. ಅಷ್ಟರಲ್ಲಿ ಡಾಕ್ಟರ ಫೋನು ರಿಂಗಾಯಿತು. "ಅಮ್ಮ, ಈಗಲೇ ಬರ್ಬೇಡ... ಹೊರಟುಬಿಟ್ಯಾ?" ಎಂದು ಅವರು ಹೇಳಿದ್ದು ಕೇಳಿಸಿತು. ಆಶಾ ನನ್ನ ಕಿವಿಯಲ್ಲಿ, "ಮೇಡಂಗೆ ಐದು ತಿಂಗಳ ಮಗು ಇದೆ ಅಕ್ಕ. ಅವರ ತಾಯಿ ದಿನಾ ಮಧ್ಯಾಹ್ನ ಹಾಲು ಕುಡಿಸೋಕೆ ಇಲ್ಲಿಗೇ ಕರ್ಕೊಂಡು ಬರ್ತಾರೆ" ಎಂದಳು.

ನಾನು ಕುರ್ಚಿಯಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡೆ.

ಸರ್ಕಾರಿ ಆಸ್ಪತ್ರೆಗೆ ಮೂವರೂ ಒಂದೇ ಆಟೋದಲ್ಲಿ ಹೋದೆವು. ನಡುವೆ ಅತ್ತೆ, ಆ ಕಡೆ ಕಚ್ಚಿಸಿಕೊಂಡವರು, ಈ ಕಡೆ ಕಚ್ಚಿದವಳು. ರಕ್ತ ಕೊಡುವ ಮೊದಲು ಆಪ್ತ ಸಮಾಲೋಚಕಿ ಮೇಡಂ ಒಬ್ಬರ ಹತ್ತಿರ ಮಾತಾಡಬೇಕು ಎಂದರು ಅಲ್ಲಿಯವರು. ಅತ್ತೆ ನನ್ನ ಹಿಂದೆಯೇ ಒಳಗೆ ಬಂದು ಕುರ್ಚಿ ಹಿಡಿದರು.

"ಅಜ್ಜಿ, ನೀವು ಹೊರಗಿರಿ. ಇದು ಅವರೊಬ್ಬರ ಹತ್ತಿರ ಮಾತಾಡೋ ವಿಷಯ."

"ಅವ್ಳಿಗೆ ಬಾಯಿ ಬರಾಕಿಲ್ಲ ತಾಯಿ. ನಾನೇ ಯೋಳ್ತೀನಿ ಕೇಳಿ. ಅವ್ಳ ವಿಸ್ಯ ಅವ್ಳಿಗಿಂತ ನಂಗೇ ಸಂದಾಗ್ ಗೊತ್ತು."

ಬಹಳ ಕಷ್ಟಪಟ್ಟು ಅವರನ್ನು ಹೊರಗೆ ಕಳಿಸಿ ಮೇಡಂ ಬಾಗಿಲು ಹಾಕಿದರು. ಬಹಳ ಮೃದುವಾಗಿ ಮಾತಾಡುವ ಹೆಂಗಸು. ನನ್ನ ಬಾಯಿ ತುಂಬ ಹತ್ತಿ ಬಟ್ಟೆ ಇದ್ದುದರಿಂದ ಹೌದು, ಇಲ್ಲ ಎಂದು ತಲೆಯಾಡಿಸಿದರೆ ಸಾಕು ಎಂದರು. ಒಂದೆರಡು ಪ್ರಶ್ನೆಗಳು ಸಲೀಸಾಗಿ ಹೋದವು. ಆಮೇಲೆ, "ಸೂಜಿ ಚುಚ್ಚಿಕೊಳ್ಳೋದು ಏನಾದರೂ ಉಂಟಾ?" ಎಂದು ಕೇಳಿದರು.

ನಾನು ಜೋರಾಗಿ ತಲೆಯಾಡಿಸಿದೆ.

ಮೇಡಂ ಮುಂದಕ್ಕೆ ಬಾಗಿದರು. "ಯಾವಾಗಲಾದ್ರೂ ಒಮ್ಮೊಮ್ಮೆಯಾ? ದಿನಾನಾ?"

ದಿನಾ ಎಂದು ಕೈಸನ್ನೆ ಮಾಡಿದೆ. ಹಬ್ಬದ ಹೊತ್ತಿನಲ್ಲಿ ಜಾಸ್ತಿ ಎಂದು ತೋರಿಸಲು ಕೈ ಇನ್ನೂ ಜೋರಾಗಿ ಬೀಸಿದೆ.

ಅವರು ಪೆನ್ನು ಕೆಳಗಿಟ್ಟರು. ದನಿ ಇನ್ನಷ್ಟು ಮೃದುವಾಯಿತು. "ಭಯ ಪಡಬೇಡಿ. ಇಲ್ಲಿ ಹೇಳಿದ್ದು ಯಾರಿಗೂ ಹೋಗಲ್ಲ. ಒಂದೇ ಸೂಜಿ ಬೇರೆಯವರ ಜೊತೆ ಹಂಚಿಕೊಳ್ತೀರಾ?"

ನನ್ನ ಅಂಗಡಿಯಲ್ಲಿ ಕೆಲಸಕ್ಕೆ ಇಬ್ಬರು ಹುಡುಗಿಯರಿದ್ದಾರೆ. ಎರಡು ಬೆರಳು ತೋರಿಸಿದೆ.

"ಮನೆಯವರಿಗೆ ಗೊತ್ತಾ?"

ಗೊತ್ತಿಲ್ಲದೆ ಏನು! ಅಂಗಡಿಗೆ ಮಿಷನ್ ಕೊಡಿಸಿದ್ದೇ ನಮ್ಮ ಯಜಮಾನರು. ಹೆಮ್ಮೆಯಿಂದ ತಲೆಯಾಡಿಸಿದೆ. ಮೇಡಂ ಕಣ್ಣಲ್ಲಿ ನೀರಾಡಿತು. ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟು, "ಈ ಚಟ ಬಿಡಿಸೋಕೆ ಒಳ್ಳೇ ಚಿಕಿತ್ಸೆ ಇದೆ ಭಾಗ್ಯಮ್ಮ, ಖಂಡಿತಾ ಬಿಡಬಹುದು" ಎಂದಾಗ ನನಗೆ ಎಲ್ಲೋ ಏನೋ ತಪ್ಪಿದೆ ಎಂದು ಹೊಳೆಯಿತು. ಚಟವೇ? ನಾನು ಕೂತಲ್ಲೇ ಎರಡೂ ಕಾಲಲ್ಲಿ ಮಿಷನ್ ತುಳಿದು ತೋರಿಸಿದೆ. ಕೈಯಲ್ಲಿ ಚಕ್ರ ತಿರುಗಿಸಿದೆ. ಅವರಿಗೆ ಇನ್ನೂ ಗಾಬರಿಯಾಯಿತು. ಕೊನೆಗೆ ನನ್ನ ರವಿಕೆಯ ತೋಳಿನ ಅಂಚನ್ನು ಎತ್ತಿ ಹಿಡಿದು, ಹೊಲಿಗೆಯನ್ನು ತೋರಿಸಿ, ಎದೆ ತಟ್ಟಿಕೊಂಡೆ.

"ಟೈಲರ್ರಾ?" ಎಂದರು ಮೇಡಂ. ತಲೆಯಾಡಿಸಿದೆ. ಅವರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನನಗೂ ನಗು ಬಂತು, ಆದರೆ ಹತ್ತಿ ಉಂಡೆ ಗಂಟಲಿಗೆ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡೆ.

ರಕ್ತ ಕೊಟ್ಟು ನಾನೂ ಡಾಕ್ಟರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಇಬ್ಬರ ಮೊಣಕೈ ಮಡಿಕೆಯಲ್ಲೂ ಒಂದೊಂದು ಹತ್ತಿ. ಅಷ್ಟರಲ್ಲಿ ಡಾಕ್ಟರ ತಾಯಿ, ಆಶಾ ಹೇಳಿದಳೆಂದು, ಮಗುವನ್ನು ಎತ್ತಿಕೊಂಡು ಅಲ್ಲಿಗೇ ಬಂದರು. ಮಗು ಕಂಠ ಬಿರಿಯುವಂತೆ ಅಳುತ್ತಿತ್ತು. ಅಮ್ಮನ ಮುಖ ಕಂಡದ್ದೇ ಎರಡೂ ಕೈ ಚಾಚಿತು. ಡಾಕ್ಟರು ಎದ್ದು ನಿಂತರು. ಕೈ ಮುಂದೆ ಮಾಡಿದವರು ಹಾಗೆಯೇ ಹಿಂದಕ್ಕೆ ತೆಗೆದುಕೊಂಡರು.

"ಸ್ವಲ್ಪ ತಡಿಯಮ್ಮ."

"ಏನು ತಡಿಯೋದು ಚೈತ್ರಾ? ಮಗು ಹಸಿದಿದೆ!"

ಡಾಕ್ಟರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ಈಗ ಹಾಲು ಕೊಟ್ಟರೆ ಮಗುಗೆ ಏನೂ ಆಗಲ್ಲ ಅಂತ ಓದಿದ್ದೀನಿ. ಬೇರೆ ಯಾರಾದ್ರೂ ಕೇಳಿದ್ರೆ ಹಾಗೇ ಹೇಳ್ತಿದ್ದೆ. ಆದ್ರೆ ನನಗೇ ಧೈರ್ಯ ಬರ್ತಿಲ್ಲ."

ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ನನ್ನದೊಂದು ಕಚ್ಚುವಿಕೆ ಈ ಕೂಸಿನ ಹಾಲಿಗೆ ಅಡ್ಡ ಬಂದಿತ್ತು. ನಮ್ಮ ಅತ್ತೆ ಒಂದು ಮಾತೂ ಕೇಳದೆ ಮಗುವನ್ನು ಈಸಿಕೊಂಡು, "ಬಾ ಮಗಾ, ನಿಂಗೆ ಬಸ್ಸು ತೋರ್ಸ್ತೀನಿ ಬಾ. ನಿಮ್ಮವ್ವ ಒಸಿ ಉಸಾರಾಗ್ಲಿ" ಎಂದು ಗೇಟಿನ ಕಡೆ ನಡೆದರು. ಮಗು ಅವರ ಓಲೆ ಹಿಡಿದು ಜಗ್ಗುತ್ತಾ ಅಳು ತಗ್ಗಿಸಿತು.

ನಾನು ಹೆದರಿದ್ದ ಗಳಿಗೆ ಆಗಲೇ ಬಂದದ್ದು. ನಮ್ಮ ಬೀದಿಯ ಜಯಮ್ಮ, ನನ್ನ ಖಾಯಂ ಗಿರಾಕಿ, ಕೆಮ್ಮಿನ ಔಷಧಿ ಹಿಡಿದು ಅದೇ ದಾರಿಯಲ್ಲಿ ಬಂದರು. ನನ್ನನ್ನು ನೋಡಿದರು. ಬಾಗಿಲ ಮೇಲಿನ ಎಚ್‌ಐವಿ ಪರೀಕ್ಷೆಯ ಬೋರ್ಡು ನೋಡಿದರು. ಮತ್ತೆ ನನ್ನನ್ನು ನೋಡಿದರು. ಏನು ಎಂದು ಕೇಳುವ ಮೊದಲೇ ಗೇಟಿನಿಂದ ಅತ್ತೆಯ ದನಿ ಇಡೀ ಆಸ್ಪತ್ರೆಗೆ ಕೇಳಿಸಿತು.

"ಜಯಮ್ಮ! ಏನ್ ನೋಡೀಯೆ? ನನ್ ಸೊಸೆ ಡಾಕ್ಟ್ರಮ್ಮುನ್ನ ಕಚ್ಬುಟ್ಟವ್ಳೆ! ಅದ್ಕೆ ಪರೀಕ್ಸೆ ಮಾಡ್ತಾವ್ರೆ!"

ಜಯಮ್ಮ ಬೋರ್ಡನ್ನು ಅಲ್ಲೇ ಮರೆತರು. "ಕಚ್ಚಿದ್ಲಾ? ಬಾಯಲ್ಲೇ?" ಎಂದು ನನ್ನಿಂದ ಎರಡು ಹೆಜ್ಜೆ ದೂರ ಸರಿದು, ಸುದ್ದಿ ಹೊತ್ತುಕೊಂಡು ಬೀದಿಯ ಕಡೆಗೆ ಓಡುನಡಿಗೆಯಲ್ಲಿ ಹೋದರು. ನನಗೆ ಅತ್ತೆಯ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ.

ಬಹಳ ಹೊತ್ತಿನ ಮೇಲೆ ಮೇಡಂ ಮೊದಲು ನನ್ನನ್ನು ಕರೆದರು. ನನ್ನ ಫಲಿತಾಂಶ ಮೊದಲು ನನಗೇ ಹೇಳಬೇಕಂತೆ. ಬಾಗಿಲು ಹಾಕಿ, "ಏನೂ ಇಲ್ಲ ಭಾಗ್ಯಮ್ಮ. ಎಚ್‌ಐವಿ ಇಲ್ಲ, ಆ ಕಾಮಾಲೆಯೂ ಇಲ್ಲ. ಡಾಕ್ಟರಿಗೆ ಹೇಳಬಹುದಾ?" ಎಂದರು. ನಾನೇ ಹೇಳುತ್ತೇನೆಂದು ಸನ್ನೆ ಮಾಡಿ ಹೊರಗೆ ಓಡಿದೆ.

ಡಾಕ್ಟರು ಎದ್ದು ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬಾಯಿ ತುಂಬ ನಕ್ಕೆ. ಆದರೆ ನಕ್ಕದ್ದು ಎಡಗಡೆ ಮಾತ್ರ. ಬಲಗಡೆಯ ತುಟಿ ಜೋತುಬಿದ್ದಿತ್ತು. ಖುಷಿಗೆ ಕಣ್ಣಲ್ಲಿ ನೀರೂ ಬಂದಿತ್ತು. ಒಂದು ಪಕ್ಕ ನಗು, ಒಂದು ಪಕ್ಕ ಅಳು, ಗಲ್ಲದ ಮೇಲೆ ಜೊಲ್ಲು. ಪಾಪ, ಅವರು ಏನೆಂದು ಅರ್ಥ ಮಾಡಿಕೊಳ್ಳಬೇಕು? ಮೆಲ್ಲಗೆ ಬೆಂಚಿನ ಮೇಲೆ ಕುಸಿದರು.

"ಏಹಿಯ್ಯ! ಏಹಿಯ್ಯ!" ಎಂದು ಕೂಗಿದೆ.

"ಏನದು? ಏನಂತೆ?" ಎಂದು ಡಾಕ್ಟರ ತಾಯಿ ಗಾಬರಿಯಾದರು.

ಅತ್ತೆ ಮಗುವಿನ ಸಮೇತ ಓಡಿ ಬಂದರು. "ಏನಿಲ್ಲ ಅಂತಾವ್ಳೆ ಕಣವ್ವ! ಏನೂ ಇಲ್ವಂತೆ! ಇಡ್ಕೊ ನಿನ್ ಮಗಿನ!"

ಡಾಕ್ಟರು ಮಗುವನ್ನು ಎದೆಗವಚಿಕೊಂಡು ಗೋಡೆಯ ಕಡೆ ತಿರುಗಿ ಕೂತರು. ಅತ್ತೆ ತಮ್ಮ ಸೆರಗನ್ನು ಅಗಲಿಸಿ ಅವರಿಗೆ ಮರೆ ಹಿಡಿದು ನಿಂತರು. ಮಗುವಿನ ಅಳು ನಿಂತು, ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿತು. ಆ ಸದ್ದಿನ ನಡುವೆ ಡಾಕ್ಟರು ಬಿಕ್ಕುವುದೂ ಕೇಳಿತು. ಅವರ ಪರೀಕ್ಷೆಯಲ್ಲೂ ಏನೂ ಇಲ್ಲವೆಂದು ಆಮೇಲೆ ಗೊತ್ತಾಯಿತು.

ಇಷ್ಟೆಲ್ಲ ಆದ ಮೇಲೆ ನನ್ನ ಎರಡನೆಯ ಹೊಲಿಗೆ ಹಾಗೆಯೇ ಉಳಿದಿದೆ ಎಂದು ನೆನಪಾಯಿತು! ಮರಗಟ್ಟಿದ್ದು ಬಿಡತೊಡಗಿತ್ತು, ನೋವು ತಲೆಗೇರಿತ್ತು. ಮತ್ತೆ ಕ್ಲಿನಿಕ್ಕು, ಮತ್ತೆ ಇಂಜೆಕ್ಷನ್. ಈ ಸಲ ಡಾಕ್ಟರು ನನ್ನ ದವಡೆಯ ನಡುವೆ ಒಂದು ಗಟ್ಟಿ ರಬ್ಬರ್ ತುಂಡು ಸಿಕ್ಕಿಸಿ, ಬಾಯಿ ಮುಚ್ಚಲಾಗದಂತೆ ಮಾಡಿದರು. ಅದೂ ಸಾಲದೆಂದು ಅತ್ತೆ ಹಿಂದೆ ನಿಂತು ನನ್ನ ಹಣೆ ಒತ್ತಿ ಹಿಡಿದುಕೊಂಡು, "ಒಲೀರವ್ವ, ನಾನ್ ಇಡ್ದಿವ್ನಿ" ಎಂದರು. ಡಾಕ್ಟರಿಗೆ ನಗು ತಡೆಯದೆ ಗಂಟು ಹಾಕುವುದು ಎರಡು ಸಲ ತಪ್ಪಿತು.

ಮನೆಗೆ ಬರುವಾಗ ಆಟೋದಲ್ಲಿ ನಾನು ಅತ್ತೆಯ ಕಡೆ ನೋಡಲೇ ಇಲ್ಲ. ಅಷ್ಟು ಜನರ ಮುಂದೆ ಕಚ್ಚಿದಳು ಎಂದು ಡಂಗುರ ಹೊಡೆದರಲ್ಲ ಎಂಬ ಸಿಟ್ಟು. ಅವರಿಗದು ಗೊತ್ತಾಯಿತು.

"ಯಾಕವ್ವ ಮೂತಿ ತಿರುಗಿಸ್ತೀಯೆ? ಆ ಜಯಮ್ಮ ಬೋರ್ಡ್ ಓದ್ಕೊಂಡು ಓಗಿದ್ರೆ ಊರ್ನಲ್ಲಿ ಏನೇನ್ ಕಟ್ಟಿ ಆಡೋಳು ಗೊತ್ತಾ? ಅದ್ಕೇ ಅವ್ಳ್ ಬಾಯ್ಗೆ ನಾನೇ ಒಂದ್ ಮಾತು ಆಕ್ದೆ. ಕಚ್ಚೋಳು ಅಂತ ಅಂದ್ಕೊಂಡು ನಗ್ಲಿ ಬುಡು. ನಗೋ ಮಾತು ಒಳ್ಳೇದು" ಎಂದು ಅತ್ತೆ ನನ್ನ ಊದಿದ ಕೆನ್ನೆಯ ಮೇಲೆ ಕ್ಲಿನಿಕ್ಕಿನಲ್ಲಿ ಕೊಟ್ಟಿದ್ದ ಐಸಿನ ಚೀಲವನ್ನು ಸರಿಯಾಗಿ ಇಟ್ಟರು. ನಾನು ಮೂತಿಯನ್ನು ಮತ್ತೆ ಅವರ ಕಡೆಗೇ ತಿರುಗಿಸಿದೆ.

ಅತ್ತೆ ಅಂದುಕೊಂಡ ಹಾಗೆಯೇ ಆಯಿತು. ಸಂಜೆಯ ಹೊತ್ತಿಗೆ ನಮ್ಮ ಬೀದಿಯಲ್ಲಿ ಡಾಕ್ಟರಿಗೆ ನಾಯಿ ಕಚ್ಚಿದವರಿಗೆ ಕೊಡುವ ಹಾಗೆ ಹೊಕ್ಕುಳ ಸುತ್ತ ಇಂಜೆಕ್ಷನ್ ಕೊಟ್ಟರಂತೆ ಎಂಬಲ್ಲಿಗೆ ಸುದ್ದಿ ಬೆಳೆದಿತ್ತು. ಆ ಹಬ್ಬದಲ್ಲಿ ರವಿಕೆ ಅಳತೆಗೆ ಬಂದ ಹೆಂಗಸರು, "ಭಾಗ್ಯಕ್ಕ, ಕತ್ತಿನ ಅಳತೆ ಹಳೇ ರವಿಕೆದೇ ತಗೋ, ಹತ್ತಿರ ಬರಬೇಡ" ಎಂದು ಚುಡಾಯಿಸಿದರು. ಒಬ್ಬರೂ ರವಿಕೆ ವಾಪಸು ಒಯ್ಯಲಿಲ್ಲ. ಈಗಲೂ ನನ್ನ ಅಂಗಡಿಗೆ ದಾರಿ ಕೇಳಿದರೆ ಕೆಲವರು ಕಚ್ಚೋ ಟೈಲರ್ ಅಂಗಡಿ ಎಂದೇ ತೋರಿಸುತ್ತಾರೆ. ಆ ಹೆಸರು ಕಿವಿಗೆ ಬಿದ್ದಾಗ ನನಗೆ ನಾಚಿಕೆಯಾಗುವುದಿಲ್ಲ. ತಾನು ಅಷ್ಟು ಹೆದರಿದ್ದರೂ "ನಿಮ್ಮ ರಕ್ತ, ನಿಮ್ಮ ಇಷ್ಟ" ಎಂದು ನನ್ನನ್ನು ಕೇಳಿ ಕಾದ ಆ ಹುಡುಗಿಯ ಮುಖ ಕಣ್ಣ ಮುಂದೆ ಬರುತ್ತದೆ. ಸೆರಗು ಅಗಲಿಸಿ ಅವಳಿಗೆ ಮರೆ ನಿಂತ ನಮ್ಮ ಅತ್ತೆಯ ಬೆನ್ನು ಕಾಣುತ್ತದೆ. ನಾನು ಒಬ್ಬಳೇ ಇದ್ದರೂ ನಗುತ್ತೇನೆ, ಈಗ ಎರಡೂ ಪಕ್ಕ.